ಹದ್ದಿಗೆ ಮೊಸರನ್ನ

ಹದ್ದಿಗೆ ಮೊಸರನ್ನ ಹಾಕಿದವರು ನಮ್ಮ ಅತ್ತಿಗೆ. ಅದು ಬಾಯ್ತೆರೆದು ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಬೇಸಿಗೆಯ ಬಗ್ಗೆ ಖಾತ್ರಿಯಿಂದ ಹೇಳಬಲ್ಲ ಸಂಗತಿಗಳು ಇವೆರಡೇ. ಉಳಿದದ್ದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಷ್ಟು ಜನರ ಮುಂದೆ ಹೇಳಿದ್ದೇನೆಂದರೆ, ಅದರಲ್ಲಿ ಕಂಡದ್ದೆಷ್ಟು ಕಟ್ಟಿದ್ದೆಷ್ಟು ಎಂದು ಈಗ ನನಗೇ ಬಿಡಿಸಲು ಬರುವುದಿಲ್ಲ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ರಜೆಗೆಂದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದ ಅಣ್ಣನ ಮನೆಗೆ ಬಂದಿದ್ದೆ. ಕೂತಲ್ಲಿ ಕೂರುವವನಲ್ಲ, ಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬೀದಿಗೆ ಸುಮ್ಮನೆ ಅಲೆಯುತ್ತಿದ್ದೆ. ಹಾಗಾಗಿ ಒಂದು ಮಧ್ಯಾಹ್ನ ದೊಡ್ಡ ಗಾಳಿ ಎದ್ದು, ಪಕ್ಕದ ಮನೆಯ ತೆಂಗಿನ ಮರದಿಂದ ಹದ್ದಿನ ಮರಿಯೊಂದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಾಗ ಮೊದಲು ಕಂಡವನು ನಾನೇ. ಅತ್ತಿಗೆಯನ್ನು ಕೇಳಿದರೆ ಮೊದಲು ಕಂಡವರು ಅವರು. ಈ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮದು ಲಿಂಗಾಯತರ ಮನೆ. ಅತ್ತಿಗೆ ಬೆಳಿಗ್ಗೆ ಮೈ ತೊಳೆದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡ ಮೇಲೇ ಒಲೆ ಹಚ್ಚುವವರು. ಅಡಿಗೆಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುವಂತಿರಲಿಲ್ಲ. ಆಡಲೇಬೇಕಾದರೆ ‘ಬಿಳೇದು’ ಎನ್ನಬೇಕು. ಅಂಥ ಮನೆಯ ಹಿತ್ತಲಿಗೆ ಬಿದ್ದ ಹದ್ದು ಏನು ತಿನ್ನಬೇಕು? ಅತ್ತಿಗೆಗೆ ಈ ಪ್ರಶ್ನೆಯೇ ಏಳಲಿಲ್ಲ. ಬೆಳಿಗ್ಗೆ ಹಾಲಲ್ಲಿ ನೆನೆಸಿದ ಮಂಡಕ್ಕಿ, ಮಧ್ಯಾಹ್ನ ಮೊಸರನ್ನ.

ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದ ಅಣ್ಣ ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

“ಅಲ್ಲಾ, ಹದ್ದು ಐತೆ ಅದು. ಮಾಂಸ ತಿನ್ನೋ ಜಾತಿ.”

“ನಮ್ಮನೆಗೆ ಬಂದೈತೆ ಅಂದ್ಮ್ಯಾಲೆ ನಮ್ಮನೆ ಊಟ ಉಣ್ಬೇಕು,” ಎಂದರು ಅತ್ತಿಗೆ. “ಸೊಸೆಯಾಗಿ ಬಂದಾಕಿ ತವರುಮನೆ ಅಡಿಗೇನೇ ಬೇಕು ಅಂತ ಕೂಡ್ತಾಳೇನು?”

“ಹಂಗಾದ್ರ ಅಯ್ನೋರ್ನ ಕರ್ಸು. ಅದಕ್ಕೂ ಒಂದು ಲಿಂಗ ಕಟ್ಟಿಸಿಬಿಡು.”

ಲಿಂಗ ಕಟ್ಟಿಸಲಿಲ್ಲ. ಆದರೆ ಮರುದಿನದಿಂದ ಪೂಜೆ ಮುಗಿಸಿ ಬರುವಾಗ ಅದರ ನೆತ್ತಿಗೂ ಒಂದು ಬೆರಳು ವಿಭೂತಿ ಬೀಳತೊಡಗಿತು. ಅತ್ತಿಗೆ ಬಾಯಿ ಮುಚ್ಚಿ ಕೆಲಸ ಮಾಡುವವರಲ್ಲ. ಪಾತ್ರೆ ತಿಕ್ಕುವಾಗ ಪಾತ್ರೆಯ ಜೊತೆ, ಗಿಡಕ್ಕೆ ನೀರು ಹಾಕುವಾಗ ಗಿಡದ ಜೊತೆ ಮಾತು. ಈಗ ಹದ್ದಿನ ಜೊತೆ. “ಬಾರೋ ನಮ್ಮಪ್ಪ, ಬಾ” ಎಂದರೆ ಅದು ಬಿದಿರು ಬುಟ್ಟಿಯಿಂದ ಕತ್ತು ಚಾಚಿ ಕಿರುಚುತ್ತಿತ್ತು. ಅದರ ಬಾಲದಲ್ಲಿ ಒಂದು ಗರಿ ಅರ್ಧಕ್ಕೆ ಮುರಿದಿತ್ತು. ಬಲಗಡೆಯದು. ಅಥವಾ ನಾನು ಹಾಗೆ ಹೇಳಿಕೊಂಡು ಬಂದಿದ್ದೇನೆ.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಬುಟ್ಟಿ ಖಾಲಿ ಇತ್ತು. ಅತ್ತಿಗೆ ಬೀದಿಯ ಮರಗಳನ್ನೆಲ್ಲ ನೋಡಿದರು. “ರೆಕ್ಕೆ ಬಂತು, ಹೋಯ್ತು. ಹೋಗೋದಕ್ಕೇ ಅಲ್ಲೇನು ಸಾಕಿದ್ದು?” ಎಂದು ತಾವೇ ಕೇಳಿಕೊಂಡರು, ಆದರೆ ಅನ್ನ ಕಲೆಸಿದ ಬಟ್ಟಲನ್ನು ಸಂಜೆಯವರೆಗೂ ತೊಳೆಯಲಿಲ್ಲ.

ಬೀದಿಯ ತುದಿಯಲ್ಲಿ ಆಗ ಒಂದು ಅಕ್ಕಿ ಗಿರಣಿ ಇತ್ತು. ಅದರ ಹಿಂದೆ ಭತ್ತದ ಹೊಟ್ಟು ಸುಟ್ಟ ಬೂದಿಯ ಗುಡ್ಡೆ. ಮರುದಿನ ನಾನು ಆ ಕಡೆ ಅಲೆಯುತ್ತ ಹೋದಾಗ ಗುಡ್ಡೆಯ ಬುಡದಲ್ಲಿ ಒಂದು ಹದ್ದಿನ ಮರಿ ಸತ್ತುಬಿದ್ದಿತ್ತು. ಎರಡೂ ಕಾಲು ಒಳಕ್ಕೆ ಬಾಗಿದ್ದವು, ಹಸಿ ಕಡ್ಡಿ ಬಾಗಿದ ಹಾಗೆ. ಅದು ಹಾರಿದ್ದಲ್ಲ, ತೆವಳಿಕೊಂಡು ಬಂದದ್ದು. ಬೂದಿಯಲ್ಲಿ ಕೈಯಿಂದಲೇ ಗುಂಡಿ ತೋಡಿ ಹೂತೆ. ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ಕೇಳಿದರು, “ಎಲ್ಲೆರ ಕಂಡ್ತೇನೋ ತಮ್ಮಾ?”

“ಕಂಡಿತು ಅತ್ತಿಗೆ,” ಎಂದೆ. “ಹರಿಹರದ ಕಡೆ ಹಾರಿ ಹೋಯಿತು.”

ಹರಿಹರ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಹದಿನಾಲ್ಕು ಕಿಲೋಮೀಟರ್ ದೂರ, ಅಲ್ಲಿ ಹೊಳೆ ಇದೆ, ಹೊಳೆಯ ಮೇಲೆ ಯಾವಾಗಲೂ ಹದ್ದುಗಳು ಸುತ್ತುತ್ತಿರುತ್ತವೆ. ಅಷ್ಟು ಲೆಕ್ಕಾಚಾರ ಒಂದು ಕ್ಷಣದಲ್ಲಿ ಆಗಿರಬೇಕು. ಒಂದು ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ರಜೆಯಲ್ಲಿ, ಅತ್ತಿಗೆ ಮತ್ತೆ ಕೇಳಿದಾಗ, ತುಂಗಭದ್ರೆಯ ಸೇತುವೆಯ ಕಂಬದ ಮೇಲೆ ಕೂತದ್ದನ್ನು ನೋಡಿದೆ ಎಂದೆ. ಮುರಿದ ಗರಿಯಿಂದ ಗುರುತು ಹಿಡಿದೆ ಎಂದೆ. ಅಂದಿನಿಂದ ಅತ್ತಿಗೆ ಹರಿಹರಕ್ಕೆ ಯಾವ ಮದುವೆ ಮುಂಜಿಗೆ ಹೋದರೂ ಸೇತುವೆಯ ಹತ್ತಿರ ಆಟೋ ನಿಲ್ಲಿಸಿ ಇಳಿಯುವುದು ರೂಢಿಯಾಯಿತು. “ಇದರಾಗ ನಮ್ದು ಯಾವ್ದು?” ಎಂದು ಕೇಳುವರು. ಜೊತೆಗಿದ್ದರೆ ನಾನು ಯಾವುದೋ ಒಂದನ್ನು ತೋರಿಸುವೆ.

ಈಗ ಕಣ್ಣು ಮುಚ್ಚಿದರೆ ಸೇತುವೆಯ ಕಂಬ, ಅದರ ಮೇಲೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತ ಹದ್ದು, ಬಾಲದಲ್ಲಿ ಅರ್ಧ ಗರಿ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಬೂದಿ ಗುಡ್ಡೆ ಮಾತ್ರ ಮಸುಕು. ದಾವಣಗೆರೆಯದೇ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ನಾನು ಸಾಕ್ಷ್ಯ, ಸಂಭವನೀಯತೆ ಎಂದು ಪಾಠ ಮಾಡುತ್ತೇನೆ. ನನ್ನ ತಲೆಯಲ್ಲಿ ಸುಳ್ಳಿಗೆ ಬೆಳಕಿದೆ, ನಿಜಕ್ಕೆ ಇಲ್ಲ.

ಎರಡನೆಯ ಹದ್ದು ಬಂದದ್ದು ಮಾರನೆಯ ವರ್ಷ, ಕಾರಹುಣ್ಣಿಮೆಯ ಹೊತ್ತಿಗೆ. ಊರ ತುಂಬ ಗಾಳಿಪಟ ಹಾರುವ ಕಾಲ. ಮಾಂಜಾ ದಾರ ರೆಕ್ಕೆಗೆ ಸುತ್ತಿ ಸೀಳಿತ್ತು. ಹಿಂದಿನ ಸಲದ ಹದ್ದಿನ ಸುದ್ದಿ ಕೇಳಿದ್ದ ಯಾರೋ ಅದನ್ನು ಟವಲಿನಲ್ಲಿ ಸುತ್ತಿ ತಂದು, “ಹದ್ದಿನ ಅಮ್ಮಾರ ಮನೆ ಇದೇ ಏನ್ರಿ?” ಎಂದು ಕೇಳಿದರಂತೆ. ಅತ್ತಿಗೆ ಆಟೋ ಹಿಡಿದು ದನದ ಆಸ್ಪತ್ರೆಗೆ ಒಯ್ದರು. ಅಲ್ಲಿನ ವಯಸ್ಸಾದ ಕಾಂಪೌಂಡರ್ ಹೊಲಿಗೆ ಹಾಕಿಕೊಟ್ಟು, ಏನು ತಿನ್ನಿಸುತ್ತೀರಿ ಎಂದು ಕೇಳಿದ.

“ಮೊಸರನ್ನ.”

“ಅಮ್ಮಾ, ಅನ್ನ ತಿಂದ್ರೆ ಇದರ ಮೂಳೆ ಮೆತ್ತಗಾಗ್ತಾವ್ರಿ. ಮಾಂಸ ಹಾಕ್ರಿ, ಮೂಳೆ ಸಮೇತ.”

“ನಮ್ಮ ಮೊದ್ಲಿಂದು ಮೊಸರನ್ನ ತಿಂದೇ ಹರಿಹರಕ್ಕೆ ಹೋಗೈತೆ ಕಣ್ರಿ. ನಮ್ಮ ಮೈದ್ನ ನೋಡ್ಯಾನ. ಎಮ್ಮೆಸ್ಸಿ ಓದೋನು.”

ಇದನ್ನು ನನಗೆ ಫೋನಿನಲ್ಲಿ ಹೇಳಿ ನಕ್ಕವನು ಅಣ್ಣ. ನಾನು ನಗಲಿಲ್ಲ. ಆ ಕಾಂಪೌಂಡರನ ಮಾತು ಖರೆ ಇರಬಹುದು, ಅತ್ತಿಗೆಗೆ ಹೇಳು ಎಂದಷ್ಟೇ ಅಂದೆ. ಎರಡು ದಿನ ಮನೆಯಲ್ಲಿ ವಾದ ನಡೆಯಿತಂತೆ, ಹದ್ದು ಅನ್ನ ಮುಟ್ಟಲಿಲ್ಲವಂತೆ. ಕೊನೆಗೆ ಅತ್ತಿಗೆ ಒಪ್ಪಿದರು, ಆದರೆ ತಮ್ಮ ಕರಾರಿನ ಮೇಲೆ. ಮಾಂಸ ಹೊಸ್ತಿಲು ದಾಟಬಾರದು. ಹಿತ್ತಲ ಮೂಲೆಯಲ್ಲಿ ತಗಡಿನ ಶೆಡ್ಡು. ಅದಕ್ಕೆ ಬೇರೆ ನಲ್ಲಿ, ಬೇರೆ ಚಾಕು, ಬೇರೆ ತಟ್ಟೆ. ತಟ್ಟೆ ಅಪ್ಪಿತಪ್ಪಿ ಒಳಗೆ ಬಂದೀತೆಂದು ಅದರ ಅಂಚಿಗೆ ಗೇಟಿಗೆ ಹೊಡೆದು ಉಳಿದಿದ್ದ ಕೆಂಪು ಬಣ್ಣ. ಮಟನ್ ಅಂಗಡಿಯವನು ಚೂರುಪಾರು ಕಟ್ಟಿಕೊಡುತ್ತಿದ್ದ, ಹಿಂದಿನ ಬಾಗಿಲಿಗೇ ಬರುತ್ತಿದ್ದ. ಹದ್ದಿಗೆ ತಿನ್ನಿಸಿದ ಮೇಲೆ ಸೀಗೆಪುಡಿ ಹಾಕಿ ಕೈ ತಿಕ್ಕಿ, ತಲೆ ಮೇಲೆ ನೀರು ಸುರಿದುಕೊಂಡು ಒಳಗೆ ಬರಬೇಕು. ಅತ್ತಿಗೆ ದಿನಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಂಡು ನೆಗಡಿ ತಂದುಕೊಂಡರು, ಪಟ್ಟು ಬಿಡಲಿಲ್ಲ.

ಗಾಯಗೊಂಡ ಹಕ್ಕಿ ಪ್ರಾಣಿಗಳ ಆಸ್ಪತ್ರೆಗಳು ಹೇಗೆ ಶುರುವಾಗುತ್ತವೆ ಎಂದು ಕೇಳುವವರು ದಯೆಯ ಮಾತು ನಿರೀಕ್ಷಿಸುತ್ತಾರೆ. ದಯೆ ಎಲ್ಲರ ಮನೆಯಲ್ಲೂ ಇತ್ತು. ಬಿದ್ದ ಗುಬ್ಬಚ್ಚಿಗೆ ನೀರು ಕುಡಿಸದವರು ಯಾರು? ಆದರೆ ನಿಟ್ಟುವಳ್ಳಿಯಲ್ಲಿ ಬೇರೆ ನಲ್ಲಿ, ಬೇರೆ ಚಾಕು, ಬೇರೆ ತಟ್ಟೆ ಇದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಮಾಂಸ ಒಳಗೆ ತರದ ಮನೆಯೇ ಮಾಂಸ ತಿನ್ನುವ ಹಕ್ಕಿಗಳಿಗೆ ಒಂದು ಜಾಗ ಕಟ್ಟಿಬಿಟ್ಟಿತ್ತು. ಮಾಂಸ ಬೇಯಿಸುವ ಮನೆಯಾಗಿದ್ದರೆ ಅಡಿಗೆಮನೆಯಲ್ಲೇ ಒಂದು ಚೂರು ಹಾಕಿ ಮುಗಿಸುತ್ತಿದ್ದರು. ಮಾಂಜಾ ಹದ್ದು ವಾಸಿಯಾಗಿ ಹೋಗಿ ಶೆಡ್ಡು ಖಾಲಿ ಇದೆ ಎಂದು ಗೊತ್ತಾದ ಮೇಲೆ ಜನ ತರತೊಡಗಿದರು. ಮಂಡಕ್ಕಿ ಗೋದಾಮಿನ ಗೂಬೆ, ಕರೆಂಟು ತಗುಲಿದ ಬಾವಲಿ, ರಿಂಗ್ ರೋಡಿನಲ್ಲಿ ಬೈಕಿಗೆ ಸಿಕ್ಕಿದ ಮುಂಗುಸಿ. ಒಮ್ಮೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬಂದು, ಹೀಗೆ ಅನುಮತಿ ಇಲ್ಲದೆ ಕಾಡುಪ್ರಾಣಿ ಇಟ್ಟುಕೊಳ್ಳುವುದು ಅಪರಾಧ ಎಂದು ಗದರಿ, ಚಹಾ ಕುಡಿದು ಹೋದರು. ಮುಂದಿನ ವಾರ ಅವರೇ ರಟ್ಟಿನ ಡಬ್ಬದಲ್ಲಿ ಒಂದು ನವಿಲಿನ ಮರಿ ತಂದು, “ಎರಡು ದಿನ ನೋಡ್ಕೊಳ್ರಿ ಅಕ್ಕಾರ” ಎಂದರು.

ಗೂಬೆ ತಂದವಳು ಎಂ.ಸಿ.ಸಿ. ಬಡಾವಣೆಯ ಹೈಸ್ಕೂಲು ಹುಡುಗಿ. ಗೋದಾಮು ಅವಳ ಮಾವನದು. ಗೂಬೆ ಅಪಶಕುನ, ಎಸೆದು ಬಾ ಎಂದು ಕೊಟ್ಟದ್ದನ್ನು ಎಸೆಯದೆ, ಊಟದ ಚೀಲದಲ್ಲಿಟ್ಟು ಸೈಕಲ್ ತುಳಿದು ಬಂದಿದ್ದಳು. ಆಮೇಲೆ ಅವಳು ಪಶುವೈದ್ಯಕೀಯ ಓದಿದಳು. ಇಲಾಖೆಯ ಅನುಮತಿ ತಂದಳು. ಹರಿಹರಕ್ಕೆ ಹೋಗುವ ಹಳೆ ರಸ್ತೆಯ ಪಕ್ಕ, ಗದ್ದೆಗಳ ನಡುವೆ ಒಬ್ಬರು ಜಾಗ ಬಿಟ್ಟುಕೊಟ್ಟರು. ನಿಟ್ಟುವಳ್ಳಿಯ ಶೆಡ್ಡು ಅಲ್ಲಿ ಆಸ್ಪತ್ರೆಯಾಯಿತು.

ಹೋದ ಚಳಿಗಾಲದಲ್ಲಿ ಒಂದು ದಿನ ಈ ಡಾಕ್ಟರ್ ನನಗೆ ಫೋನ್ ಮಾಡಿದಳು.

“ಸರ್, ಭಾನುವಾರ ಅಮ್ಮಾರ ಜೊತೆ ನೀವೂ ಬರ್ರಿ. ಒಂದು ಮಾತು ಅವರಿಗೆ ಹೇಳ್ಬೇಕು. ನಾನು ಹೇಳಿದ್ರೆ ಕೇಳವಲ್ರು.”

ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಅತ್ತಿಗೆ, ಅವರ ಮಡಿಲಲ್ಲಿ ಸ್ಟೀಲಿನ ಡಬ್ಬ. ಮಟನ್ ಅಂಗಡಿಯಿಂದ ನೇರವಾಗಿ ಡಬ್ಬಕ್ಕೆ ತುಂಬಿಸಿಕೊಂಡದ್ದು. ಈಗಲೂ ಅದು ಮನೆಯೊಳಗೆ ಬರುವುದಿಲ್ಲ. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಅಂಗಡಿಯ ಮುಂದೆ ಸರದಿಯಲ್ಲಿ ನಿಂತು “ಎದೆಗೂಡಿನ ಮೂಳೆ ಬಿಡಬ್ಯಾಡಪ್ಪ” ಎಂದು ಗದರುವುದನ್ನು ನೋಡಿ ಹೊಸಬರು ಬೆರಗಾಗುತ್ತಾರೆ. ದಾರಿಯುದ್ದಕ್ಕೂ ಮಾತು.

“ಆ ಹುಡುಗಿಗೆ ನನ್ನ ಮ್ಯಾಲೆ ಸಿಟ್ಟು ಯಾಕ ಅಂತೀನಿ. ಗೂಬೆ ಹೆಂಗೆ ಹಿಡೀಬೇಕು ಅಂತ ಕಲಿಸ್ದಾಕಿ ನಾನು.”

“ಸಿಟ್ಟಲ್ಲ ಅತ್ತಿಗೆ. ಏನೋ ಹೇಳಬೇಕಂತೆ.”

“ಮುಂದೆ ನೋಡಿ ಓಡಿಸು. ನೀನು ಹೊಳ್ಳಿ ಮಾತಾಡಿದ್ರೆ ಇಬ್ರೂ ಅದೇ ಆಸ್ಪತ್ರಿಗೆ ಸೇರ್ತೀವಿ.”

ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಹಸಿರು ಪರದೆ ಕಟ್ಟಿದ ಬಲೆಮನೆಗಳು. ಪಡಸಾಲೆಯಲ್ಲಿ ತೂತು ಮಾಡಿದ ರಟ್ಟಿನ ಡಬ್ಬಗಳು ಸಾಲಾಗಿದ್ದವು, ಒಂದೊಂದರ ಮೇಲೂ ಟವಲು. ಒಂದರಿಂದ ಬುಸ್ಸೆನ್ನುವ ಸದ್ದು ಬರುತ್ತಿತ್ತು, ಒಳಗೆ ಗೂಬೆ ಮರಿಗಳು. ನೀರಿನ ತೊಟ್ಟಿಯಲ್ಲಿ ಹೊಳೆಯ ಆಮೆ. ಮೀನಿನ ಗಾಳ ನುಂಗಿದ್ದನ್ನು ತೆಗೆದು ನಾಲ್ಕು ದಿನವಾಗಿತ್ತು. ಗೋಡೆಯ ಮೊಳೆಗೆ ನಮ್ಮ ಹಳೆಯ ಕೆಂಪು ಅಂಚಿನ ತಟ್ಟೆ ನೇತು ಹಾಕಿದ್ದರು. ಅದನ್ನು ನೋಡಿದಾಗ ನನಗೆ ಪ್ರತಿ ಸಲವೂ ನಗು ಬರುತ್ತದೆ.

ಅಷ್ಟರಲ್ಲಿ ಪಿ.ಜೆ. ಬಡಾವಣೆಯಿಂದ ಗಂಡ ಹೆಂಡತಿ ಒಂದು ಕಾಗೆ ತಂದರು. ಡಾಕ್ಟರ್ ದಪ್ಪ ನೋಟ್‌ಬುಕ್ ತೆರೆದಳು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಏನು ತಿನ್ನಿಸಿದಿರಿ.

“ಏನೂ ಇಲ್ರಿ,” ಎಂದ ಗಂಡ.

ಡಾಕ್ಟರ್ ನಕ್ಕಳು. “ಬೈಯಲ್ರಿ. ಹೇಳ್ರಿ ಪರವಾಗಿಲ್ಲ.”

“ಒಂಚೂರು ದೋಸೆ,” ಎಂದಳು ಹೆಂಡತಿ.

“ಬೆಣ್ಣೆ?”

“ಬೆಣ್ಣೆ ಗಾಯಕ್ಕೆ ಹಚ್ಚಿದ್ವಿ.”

ಡಾಕ್ಟರ್ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ‘ದೋಸೆ, ಬೆಣ್ಣೆ’ ಎಂದು ಬರೆದುಕೊಂಡಳು. ಅವರು ಹೋದ ಮೇಲೆ ಪುಟ ತಿರುವಿ ತೋರಿಸಿದಳು. ಮಂಡಕ್ಕಿ, ಬಾಳೆಹಣ್ಣು, ಬಿಸ್ಕತ್ತು, ತೀರ್ಥ, ಮಿರ್ಚಿಯ ಮೇಲಿನ ಹಿಟ್ಟು. “ಬೈದ್ರೆ ಸುಳ್ಳು ಹೇಳ್ತಾರೆ ಸರ್. ಸುಳ್ಳು ಹೇಳಿದ್ರೆ ನಾನು ಔಷಧ ತಪ್ಪಿ ಕೊಡ್ತೀನಿ. ಪ್ರೀತಿ ಇರೋರೇ ಜಾಸ್ತಿ ಸುಳ್ಳು ಹೇಳೋದು.”

ನಾನು ಎದ್ದು ಆಮೆಯ ತೊಟ್ಟಿಯ ಕಡೆ ಹೋದೆ. ಮತ್ತೆ ಬಂದೆ.

ವಿಷಯ ಇಷ್ಟು. ಹಿಂದಿನ ಬೇಸಿಗೆಯಲ್ಲಿ ಮರ ಕಡಿಯುವಾಗ ಬಿದ್ದ ಹದ್ದಿನ ಮರಿಯೊಂದನ್ನು ಇಲ್ಲಿ ಉಳಿಸಿಕೊಂಡಿದ್ದರು. ಕೈಯಿಂದ ತಿನ್ನಿಸಿ ಬೆಳೆಸಿದವರು ಅತ್ತಿಗೆ, ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬಂದು. ಈಗ ಅದರ ರೆಕ್ಕೆ ಬಲಿತಿತ್ತು. ಹಾರಲು ಏನೂ ತೊಂದರೆಯಿಲ್ಲ. ಆದರೆ ಜೊತೆಯಲ್ಲಿದ್ದ ಬೇರೆ ಹದ್ದುಗಳು ಮನುಷ್ಯರನ್ನು ಕಂಡರೆ ಮೂಲೆಗೆ ಸೇರುತ್ತಿದ್ದವು. ಇದು ಬಲೆಗೆ ಬಂದು ಅಂಟಿಕೊಳ್ಳುತ್ತಿತ್ತು. ಅತ್ತಿಗೆಯ ದನಿ ಪಡಸಾಲೆಯಲ್ಲಿ ಕೇಳಿದರೆ ಹಿಂದಿನಿಂದ ಕಿರುಚಾಟ. ಆಗಲೂ ಕಿರುಚುತ್ತಿತ್ತು.

“ಇದನ್ನ ಹಿಂಗೆ ಬಿಟ್ರೆ ಯಾರ್ದೋ ಮನೆ ತಾರಸಿಗೆ ಇಳೀತೈತೆ,” ಎಂದಳು ಡಾಕ್ಟರ್. “ಹದ್ದು ತಲೆಗೆ ಬಡಿದ್ರೆ ಕೆಡುಕು ಅಂತಾರೆ ಜನ. ಕೋಲು ತಗೊಳ್ತಾರೆ. ಅಮ್ಮಾ, ಮೂರು ತಿಂಗಳು ನೀವು ಬರಬಾರ್ದು. ನಿಮ್ಮ ದನಿ ಅದಕ್ಕೆ ಕೇಳಬಾರ್ದು. ಆಗ್ಲೂ ಮನುಷ್ಯರ ಹತ್ರ ಬಂದ್ರೆ, ಅದು ಸಾಯೋತನಕ ಈ ಬಲೆ ಒಳಗೇ.”

ಅತ್ತಿಗೆ ಸೆರಗು ಸರಿಪಡಿಸಿಕೊಂಡರು. ಅವರಿಗೆ ವಾದ ಮೊದಲೇ ಸಿದ್ಧವಿತ್ತು.

“ನಮ್ಮ ಮೊದ್ಲಿಂದು ನನ್ನ ಕೈಯಾಗೇ ಉಣ್ತಿತ್ತು. ನನ್ನ ಜೊತೆ ಮಾತಾಡ್ತಿತ್ತು. ಅದು ಹೋಗ್ಲಿಲ್ಲೇನು? ಹರಿಹರದಾಗ ಹೊಳಿ ಮ್ಯಾಲೆ ಮಕ್ಕಳು ಮರಿ ಮಾಡ್ಕೊಂಡು ಐತೆ. ಪ್ರೀತಿ ಮಾಡಿದ್ರೆ ಹಕ್ಕಿ ಕೆಡ್ತೈತೆ ಅಂತ ಯಾವ ಪುಸ್ತಕದಾಗ ಬರ್ದಾರೆ? ಕೇಳು ಇವನ್ನ. ಕಣ್ಣಾರೆ ನೋಡ್ಯಾನ.”

ಇಬ್ಬರೂ ನನ್ನನ್ನು ನೋಡಿದರು. ಹಿಂದೆ ಹದ್ದು ಇನ್ನೂ ಕಿರುಚುತ್ತಿತ್ತು. ಡಾಕ್ಟರ್ ನನ್ನನ್ನು ಕರೆಸಿದ್ದು ತನ್ನ ಪರವಾಗಿ ಮಾತಾಡಲೆಂದು. ಅತ್ತಿಗೆಗೆ ನಾನು ಇಪ್ಪತ್ತು ವರ್ಷದ ಹಳೆಯ ಸಾಕ್ಷಿ. ನಾನು ಹೇಳುವುದರ ಮೇಲೆ ಬಲೆಯೊಳಗಿನ ಆ ಹದ್ದಿನ ಬಾಳು ನಿಂತಿತ್ತು. ನಾನಾದರೋ ಆ ಕ್ಷಣದಲ್ಲೂ ಸೇತುವೆಯ ಕಂಬವನ್ನೇ ನೋಡುತ್ತಿದ್ದೆ. ಅದು ಅಷ್ಟು ನಿಜವಾಗಿತ್ತು. ಬೂದಿ ಗುಡ್ಡೆಯೇ ನಾನು ಆಮೇಲೆ ಅಂಜಿಕೆಯಿಂದ ಕಟ್ಟಿಕೊಂಡದ್ದಿರಬಹುದೇ? ಒಂದು ಸಂಗತಿ ಮಾತ್ರ ಕಟ್ಟಿದ್ದಾಗಿರಲು ಸಾಧ್ಯವಿರಲಿಲ್ಲ. ಅನ್ನದಿಂದ ಮೂಳೆ ಮೆತ್ತಗಾಗುತ್ತದೆ ಎಂದು ಕಾಂಪೌಂಡರ್ ಹೇಳಿದ್ದು ಮಾರನೆಯ ವರ್ಷ. ಅಣ್ಣ ಫೋನಿನಲ್ಲಿ ಅದನ್ನು ಹೇಳಿದಾಗ ಆ ಬಾಗಿದ ಕಾಲುಗಳು ನನ್ನ ಕಣ್ಮುಂದೆ ಬಂದಿದ್ದವು. ನೋಡದೆ ಇದ್ದ ಕಾಲು ಹಾಗೆ ಕಣ್ಮುಂದೆ ಬರುವುದು ಹೇಗೆ?

“ಅತ್ತಿಗೆ,” ಎಂದೆ. “ನಾನು ಹರಿಹರದಲ್ಲಿ ಅದನ್ನು ನೋಡಿಲ್ಲ.”

“ಏನಂತಿ?”

“ಅದು ಹಾರಲಿಲ್ಲ. ಕಾಲು ಬಾಗಿದ್ದವು. ಗಿರಣಿ ಹಿಂದೆ ಸತ್ತುಬಿದ್ದಿತ್ತು. ನಾನೇ ಹೂತು ಬಂದೆ. ನಿಮಗೆ ಸುಳ್ಳು ಹೇಳಿದೆ.”

ಡಾಕ್ಟರ್ ನೋಟ್‌ಬುಕ್ ಮುಚ್ಚಿ ಆಮೆಯ ತೊಟ್ಟಿಗೆ ನೀರು ಬಿಡುವ ನೆಪದಲ್ಲಿ ಎದ್ದು ಹೋದಳು. ಅತ್ತಿಗೆ ಗೋಡೆಯ ಮೇಲಿನ ತಟ್ಟೆ ನೋಡುತ್ತ ಕೂತರು. ಮಾತಿಲ್ಲದ ಅತ್ತಿಗೆಯ ಪಕ್ಕ ನಾನು ಅಲ್ಲಿಯವರೆಗೆ ಕೂತಿರಲಿಲ್ಲ. ಎದ್ದು ಓಡಾಡಬೇಕೆನಿಸಿತು, ಎದ್ದೇಳಲಿಲ್ಲ.

“ಎಲ್ಲಿ ಹೂತಿ?”

“ಬೂದಿ ಗುಡ್ಡೆಯಲ್ಲಿ.”

“ವಿಭೂತಿ ಹಚ್ಚಿದ್ಯೇನು ಅದಕ್ಕ?”

ಹಚ್ಚಿದ್ದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಚ್ಚಿದ್ದ ಚಿತ್ರವೂ ಆಗಲೇ ತಯಾರಾಗುತ್ತಿತ್ತು. ಬೂದಿಯ ಕೈ, ಹಕ್ಕಿಯ ನೆತ್ತಿ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಅದೂ ನಿಜವಾಗುತ್ತಿತ್ತು.

“ಗೊತ್ತಿಲ್ಲ ಅತ್ತಿಗೆ. ನೆನಪಿಲ್ಲ.”

ಅವರು ನನ್ನ ಕಡೆ ತಿರುಗಿದರು. “ಇದೊಂದು ಖರೆ ಹೇಳ್ದಿ ನೋಡು,” ಎಂದರು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. “ಹಂಗಾದ್ರ ಅದನ್ನ ಕೊಂದಾಕಿ ನಾನೇ.”

“ನಿಮಗೆ ಗೊತ್ತಿರಲಿಲ್ಲ.”

“ನಿನಗ ಗೊತ್ತಿತ್ತಲ್ಲ. ಆ ಕಾಂಪೌಂಡರ್ ಹೇಳ್ದಾಗ್ಲೇ ನೀನು ಬಾಯಿಬಿಟ್ಟಿದ್ರೆ, ನಾನು ಎರಡು ದಿನ ಆ ಮಾಂಜಾ ಹಕ್ಕಿನ ಉಪವಾಸ ಕೆಡವ್ತಿರ್ಲಿಲ್ಲ. ಹಟ ಮಾಡ್ದೆ ನಾನು. ಹರಿಹರದಾಗ ಐತಲ್ಲ ಅಂತ ಹಟ ಮಾಡ್ದೆ.”



ಅತ್ತಿಗೆ ಎದ್ದು ಸ್ಟೀಲಿನ ಡಬ್ಬವನ್ನು ಆಮೆಯ ತೊಟ್ಟಿಯ ಕಟ್ಟೆಯ ಮೇಲಿಟ್ಟರು. ಡಾಕ್ಟರ ಕಿವಿಯ ಹತ್ತಿರ ಹೋಗಿ, ಪಿಸುದನಿಯಲ್ಲಿ, ಹಿಂದಿನ ಬಲೆಮನೆಗೆ ಕೇಳದ ಹಾಗೆ, “ಮೂರು ತಿಂಗಳು ಸಾಕೇನವ್ವಾ?” ಎಂದು ಕೇಳಿದರು.

“ಸಾಕಾಗಬಹುದಮ್ಮ.”

“ಈ ಬಾಯಿ ಮುಚ್ಚಿಸೋರು ಭೂಮಿ ಮ್ಯಾಲೆ ಯಾರೂ ಹುಟ್ಟಿಲ್ಲ ಅಂತಿದ್ರು ನಮ್ಮನೆಯೋರು. ಹದ್ದು ಮುಚ್ಚಿಸ್ತು.”

ಹೋಗುವ ಮುನ್ನ ಬಲೆಮನೆಯ ಕಡೆ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಗೇಟು ದಾಟಿದರು. ಸ್ಕೂಟರು ಹತ್ತಿದ ಮೇಲೆ, “ಸೇತುವಿಗೆ ನಡಿ” ಎಂದರು.

ನಾನು ಬೇಡವೆನ್ನಲಿಲ್ಲ. ಹರಿಹರದ ಸೇತುವೆಯ ಮೇಲೆ ಎಂದಿನಂತೆ ಬದಿಗೆ ನಿಲ್ಲಿಸಿದೆ. ಹೊಳೆಯಲ್ಲಿ ನೀರು ಕಡಿಮೆಯಿತ್ತು. ಹತ್ತೋ ಹನ್ನೆರಡೋ ಹದ್ದುಗಳು ಸುತ್ತುತ್ತಿದ್ದವು. ಒಂದು ನಮ್ಮ ತಲೆಯ ಮಟ್ಟಕ್ಕೇ ಬಂದು ಹೋಯಿತು. ಅತ್ತಿಗೆ ರೂಢಿಯಂತೆ ಕೈ ಎತ್ತಿದರು, “ಬಾರೋ” ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡರು. ಯಾವುದು ನಮ್ಮದು ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಇಷ್ಟು ವರ್ಷ ಯಾರ್ಯಾರ್ದೋ ಮಕ್ಕಳಿಗೆ ಕೈ ಬೀಸೀನಿ ನೋಡು” ಎಂದು ನಕ್ಕುಬಿಟ್ಟರು.

ಮೂರು ತಿಂಗಳು ಅತ್ತಿಗೆ ಆ ರಸ್ತೆಯ ಕಡೆ ಸುಳಿಯಲಿಲ್ಲ. ಮಾಂಸದ ಡಬ್ಬ ಮಾತ್ರ ತಪ್ಪಿಸಲಿಲ್ಲ, ನಾನು ಒಯ್ದುಕೊಡುತ್ತಿದ್ದೆ. ಪರದೆಯ ಸಂದಿಯಲ್ಲಿ ಕೊಳವೆಯಿಟ್ಟು ಅದರೊಳಗಿಂದ ಚೂರುಗಳನ್ನು ಜಾರಿಸುತ್ತಿದ್ದರು, ತಿನ್ನಿಸುವವರ ಮುಖ ಕಾಣದ ಹಾಗೆ. ಒಂದೂವರೆ ತಿಂಗಳಾದ ಮೇಲೆ ನಾನು ಪರದೆ ಸರಿಸಿ ಇಣುಕಿದಾಗ ಅದು ಹಾರಿ ಆಚೆ ಮೂಲೆಗೆ ಹೋಯಿತು. ಓಡಿಬಂದು ಅತ್ತಿಗೆಗೆ ಹೇಳಿದೆ.

“ಖರೆ ಹೇಳ್ತೀ?”

“ಖರೆ.”

“ಡಾಕ್ಟರ್ ಕೈಲಿ ಫೋನ್ ಮಾಡ್ಸು. ಆಮ್ಯಾಲೆ ನಂಬ್ತೀನಿ.” ಮಾಡಿಸಿದೆ. ಕೇಳಿಸಿಕೊಂಡು ಫೋನ್ ಇಟ್ಟ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. “ನಿನ್ನ ಕಂಡು ಓಡಿದ್ರೆ ಏನು ದೊಡ್ಡದು? ನಿನ್ನ ಕಂಡು ಬೀದಿ ನಾಯೂ ಓಡ್ತಾವು. ನನ್ನ ದನಿ ಕೇಳಿ ಓಡಬೇಕು.”

ಡಾಕ್ಟರಿಗೂ ಅದೇ ಪರೀಕ್ಷೆ ಬೇಕಿತ್ತು. ಬೇಸಿಗೆ ಶುರುವಾದ ಒಂದು ಬೆಳಿಗ್ಗೆ ಅತ್ತಿಗೆಯನ್ನು ಕರೆಸಿದಳು. ಅತ್ತಿಗೆ ಗೇಟಿನಿಂದ ಒಳಗೆ ಬರುವಾಗ ಒಂದು ಮಾತೂ ಆಡಲಿಲ್ಲ. ಬಲೆಮನೆಯ ಪರದೆಯ ಪಕ್ಕ ನಿಂತರು. ಸಂದಿಯಿಂದ ನಮಗೆ ಕಾಣುತ್ತಿತ್ತು. ಆಚೆ ತುದಿಯ ಕೊಂಬೆಯ ಮೇಲೆ ಬೇರೆ ನಾಲ್ಕು ಹದ್ದುಗಳ ನಡುವೆ ಅದು ಬೆನ್ನು ಹಾಕಿ ಕೂತಿತ್ತು.

“ಬಾರೋ ನಮ್ಮಪ್ಪ, ಬಾ,” ಎಂದರು ಅತ್ತಿಗೆ.

ಅದು ಕತ್ತು ಹೊರಳಿಸಿತು. ಕಿರುಚಲಿಲ್ಲ. ಪಕ್ಕದ ಹದ್ದು ಎದ್ದು ಮೇಲಿನ ಕೊಂಬೆಗೆ ಹಾರಿತು, ಇದೂ ಅದರ ಹಿಂದೆ ಹಾರಿತು.

ಅತ್ತಿಗೆ ಇನ್ನೊಮ್ಮೆ ಕರೆದರು, ಮೊದಲಿಗಿಂತ ಜೋರಾಗಿ. ಎರಡನೆಯ ಸಲ ಕರೆದದ್ದು ಪರೀಕ್ಷೆ ಪಕ್ಕಾ ಆಗಲಿ ಎಂದೋ, ಬಂದೀತೆಂಬ ಆಸೆಯಿಂದಲೋ, ನನಗೆ ಆಗಲೂ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಹದ್ದು ಮೇಲಿನ ಕೊಂಬೆಯಲ್ಲೇ ಮೈ ಕೊಡವಿ ಗರಿ ಸರಿಪಡಿಸಿಕೊಳ್ಳತೊಡಗಿತು.

“ಸಾಕು,” ಎಂದರು. “ಮರ್ತೈತೆ.” ಡಾಕ್ಟರ್ ಅವರ ಕೈ ಹಿಡಿದುಕೊಂಡಳು. ಅತ್ತಿಗೆ ಬಿಡಿಸಿಕೊಂಡು, “ನಾಳೆ ಬಾಗ್ಲ ತಗೀರಿ, ತಡ ಮಾಡಬ್ಯಾಡ್ರಿ. ನಾನು ಬರಲ್ಲ. ಮತ್ತೆ ಏನೆರ ಮಾತಾಡಿಬಿಡ್ತೀನಿ” ಎಂದರು. ಮರುದಿನ ಬಾಗಿಲು ತೆರೆದರಂತೆ. ಮಧ್ಯಾಹ್ನದ ಹೊತ್ತಿಗೆ ಐದೂ ಹೋಗಿದ್ದವು ಎಂದು ಡಾಕ್ಟರ್ ಹೇಳಿದಳು. ಯಾವ ಕಡೆಗೆ ಎಂದು ನಾನು ಕೇಳಲಿಲ್ಲ.

ಆದರೆ ಆ ಪರೀಕ್ಷೆಯ ದಿನ, ವಾಪಸು ಬರುವಾಗ, ಸ್ಕೂಟರಿನ ಹಿಂದಿನಿಂದ ಅತ್ತಿಗೆ ನನ್ನ ಬೆನ್ನಿಗೆ ಬೆರಳಿನಿಂದ ತಿವಿದು ಕೇಳಿದರು.

“ನೀನೂ ನೋಡ್ದಿ ಹೌದಿಲ್ಲೋ? ನಾನು ಕರೆದ್ರೂ ಬರ್ಲಿಲ್ಲ ಅದು.”

“ನೋಡಿದೆ ಅತ್ತಿಗೆ. ಎರಡು ಸಲ ಕರೆದಿರಿ.”

“ಹೂಂ, ಎರಡು ಸಲ. ಬರ್ದಿಡು ಅದನ್ನ,” ಎಂದರು. “ಆಮ್ಯಾಲೆ ನೆನಪಿಲ್ಲ ಅಂತಿ.”